ಇಂಗಾಲದ ಕಿರ್ದಿ



ಶಾಸ್ತ್ರವಿಷಯವೊಂದನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ಉಪನ್ಯಾಸದ ದತ್ತಿಯ ನಿಬಂಧನೆ. ಆ ನಿಬಂಧನೆಗೆ ಒಳಪಟ್ಟು ನಾನು ಆರಿಸಿಕೊಂಡಿರುವುದು, ಮನುಷ್ಯನು ತನ್ನ ಊಟ, ಸ್ನಾನ, ವಸತಿ, ಪ್ರಯಾಣಗಳ ನಿಮಿತ್ತವಾಗಿ ಆಕಾಶಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲದ ಲೆಕ್ಕ ಮತ್ತು ಅದನ್ನು ತಗ್ಗಿಸುವ ಉಪಾಯ. ಈ ವಿಷಯವಾಗಿ ನಮ್ಮ ಕಣ್ಣಿಗೆ ಬೀಳುವ ಬರಹಗಳಲ್ಲಿ ಬಹುಪಾಲು ಎರಡು ಬಗೆಯವು: ಪ್ರಳಯವೇ ಬಾಗಿಲಿಗೆ ಬಂದಿತೆಂದು ಓದುಗನನ್ನು ನಡುಗಿಸುವವು ಒಂದು ಬಗೆ, ಹಲ್ಲುಜ್ಜುವಾಗ ನಲ್ಲಿಯನ್ನು ನಿಲ್ಲಿಸಿ, ಅಂಗಡಿಗೆ ಬಟ್ಟೆಯ ಚೀಲ ಒಯ್ದರೆ ಪೃಥ್ವಿಯ ಋಣ ತೀರಿತೆಂದು ಅವನ ಬೆನ್ನು ತಟ್ಟುವವು ಇನ್ನೊಂದು ಬಗೆ. ಎರಡರಲ್ಲಿಯೂ ಒಂದೇ ಕೊರತೆ. ಯಾವುದು ಹಿರಿದು, ಯಾವುದು ಕಿರಿದು ಎಂಬ ತಾರತಮ್ಯ ಅವುಗಳಲ್ಲಿಲ್ಲ. ಮನೆಯ ಕಿರ್ದಿಯನ್ನು ಬರೆಯುವ ಯಜಮಾನನು ಬೆಂಕಿಪೊಟ್ಟಣದ ಖರ್ಚನ್ನೂ ಮದುವೆಯ ಖರ್ಚನ್ನೂ ಒಂದೇ ಗಾಂಭೀರ್ಯದಿಂದ ಚರ್ಚಿಸತೊಡಗಿದರೆ ಆ ಮನೆಯ ಗತಿ ಏನಾದೀತೋ, ಈ ಲೆಕ್ಕದ ಗತಿಯೂ ಇಂದು ಹಾಗೆಯೇ ಆಗಿದೆಯೆಂಬುದು ನನ್ನ ಅಭಿಪ್ರಾಯ.

ಶಾಸ್ತ್ರದ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಈ ಅನಿಲವು ಸೂರ್ಯನ ಬೆಳಕನ್ನು ತಡೆಯದೆ ಒಳಕ್ಕೆ ಬಿಟ್ಟು, ಭೂಮಿಯಿಂದ ಹೊರಹೊಮ್ಮುವ ಶಾಖವನ್ನು ಮಾತ್ರ ಹೀರಿ ಹಿಡಿದುಕೊಳ್ಳತಕ್ಕ ಸ್ವಭಾವದ್ದೆಂಬುದು ನಿನ್ನೆ ಮೊನ್ನೆ ತಿಳಿದುಬಂದ ಸಂಗತಿಯಲ್ಲ. ಗಾಜಿನ ಕೊಳವೆಯಲ್ಲಿ ಈ ಅನಿಲವನ್ನು ತುಂಬಿ ಬಿಸಿಲಿಗಿಟ್ಟು, ಅದು ಬರಿಯ ಗಾಳಿಗಿಂತ ಹೆಚ್ಚು ಬಿಸಿಯಾಗುವುದೆಂದು ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ 1856ರಲ್ಲಿಯೇ ಕಂಡುಕೊಂಡಳು. ಶಾಖಕಿರಣಗಳನ್ನು ಅದು ಹೀರುವ ಪರಿಯನ್ನು ಜಾನ್ ಟಿಂಡಾಲ್ 1859ರ ಪ್ರಯೋಗಗಳಿಂದ ಅಳೆದು ತೋರಿಸಿದನು. ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರಬಹುದೆಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1896ರಲ್ಲಿ ಕೈಲೆಕ್ಕದಿಂದಲೇ ಗುಣಿಸಿ ಪ್ರಕಟಿಸಿದನು. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬಾತನು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಉಪಕರಣವನ್ನಿಟ್ಟು ಅಳೆಯತೊಡಗಿದಾಗ, ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಯಂತ್ರಯುಗಕ್ಕೆ ಮುಂಚೆ 280ರ ಆಸುಪಾಸಿನಲ್ಲಿದ್ದುದು ಇಂದು 420ನ್ನು ದಾಟಿದೆ.

ಇನ್ನು ತೂಕದ ಮಾತು. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕಿಲೋಗ್ರಾಮಿನಷ್ಟು ತೂಗುತ್ತದೆ. ಅದನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡಿನ ತೂಕವೋ ಸುಮಾರು 2.3 ಕಿಲೋಗ್ರಾಂ. ಕೇಳಿದ ಕೂಡಲೆ ಅಸಂಬದ್ಧವೆಂದು ತೋರುವ ಈ ಮಾತಿನ ಗುಟ್ಟು ಇಷ್ಟೇ: ಇಂಗಾಲದ ಹನ್ನೆರಡು ಭಾಗ ತೂಕಕ್ಕೆ ಆಮ್ಲಜನಕದ ಮೂವತ್ತೆರಡು ಭಾಗ ಗಾಳಿಯಿಂದ ಬಂದು ಕೂಡಿ, ಒಟ್ಟು ನಾಲ್ವತ್ತನಾಲ್ಕು ಭಾಗವಾಗುತ್ತದೆ. ಡೀಸೆಲ್ಲಿಗೆ ಲೀಟರಿಗೆ ಸುಮಾರು 2.7, ಅಡುಗೆಯ ಅನಿಲಕ್ಕೆ ಕಿಲೋಗ್ರಾಮಿಗೆ ಸುಮಾರು 3 ಎಂದು ನೆನಪಿಟ್ಟುಕೊಂಡರೆ, ಮುಂದಿನ ಲೆಕ್ಕವನ್ನೆಲ್ಲ ನೀವೇ ಮನೆಯಲ್ಲಿ ಕುಳಿತು ಹಾಕಿಕೊಳ್ಳಬಹುದು.

ಗೃಹಸ್ಥನು ತನ್ನ ಪಾಲಿನ ಹೊಗೆಯನ್ನು ತಾನೇ ಎಣಿಸಿಕೊಳ್ಳಬೇಕೆಂಬ ವಿಚಾರ ಬಂದ ದಾರಿ ಸ್ವಲ್ಪ ವಿಲಕ್ಷಣವಾದದ್ದು. ಒಬ್ಬ ಮನುಷ್ಯನ ಜೀವನಕ್ಕೆ ಎಷ್ಟು ನೆಲ ಬೇಕಾಗುವುದೆಂದು ಲೆಕ್ಕ ಹಾಕುವ ವಿಧಾನವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮಥಿಸ್ ವ್ಯಾಕರ್ನಾಗೆಲ್ 1990ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದರು. ಅದರ ಬೆನ್ನಿಗೆ ಬಂದ ಇಂಗಾಲದ ಹೆಜ್ಜೆಗುರುತೆಂಬ ಪರಿಭಾಷೆಯನ್ನು ಮುಂದಿನ ದಶಕದ ನಡುವಿನಲ್ಲಿ ಜಾಹೀರಾತುಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದು ಪೆಟ್ರೋಲಿಯಂ ತೆಗೆದು ಮಾರುವ ಬ್ರಿಟಿಷ್ ಪೆಟ್ರೋಲಿಯಂ ಎಂಬ ಸಂಸ್ಥೆಯೇ! ಎಣ್ಣೆಯನ್ನು ಮಾರುವವನು ಕೊಳ್ಳುವವನ ಕೈಗೆ ತಕ್ಕಡಿಯನ್ನು ಕೊಟ್ಟು, ನಿನ್ನ ಪಾಪವನ್ನು ನೀನೇ ತೂಗಿಕೋ ಎಂದದ್ದರಲ್ಲಿ ಚಾತುರ್ಯವಿಲ್ಲದಿಲ್ಲ. ಆದರೂ ಕೊಟ್ಟವನ ಉದ್ದೇಶವನ್ನು ಶಂಕಿಸಿ ತಕ್ಕಡಿಯನ್ನೇ ಬಿಸಾಡುವುದು ವಿವೇಕವಲ್ಲ. ಅದೇ ತಕ್ಕಡಿಯಿಂದ ಕೊಟ್ಟವನನ್ನೂ ತೂಗಬಹುದಷ್ಟೆ.

ಈಗ ಒಂದು ಬಚ್ಚಲುಮನೆಗೆ ಹೋಗೋಣ. ಬೆಂಗಳೂರಿನ ಗೃಹಸ್ಥನೊಬ್ಬನು ಬೆಳಗ್ಗೆ ಎರಡು ಬಕೆಟ್, ಎಂದರೆ ನಾಲ್ವತ್ತು ಲೀಟರ್ ಬಿಸಿನೀರಿನಲ್ಲಿ ಸ್ನಾನಮಾಡುವನೆಂದು ಇಟ್ಟುಕೊಳ್ಳಿರಿ. ಆ ನೀರು ಅವನ ಪೀಪಾಯಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನು ಶುದ್ಧಿಮಾಡಿ, ಅಲ್ಲಿಂದ ಹಾರೋಹಳ್ಳಿಗೂ ಅಲ್ಲಿಂದ ತಾತಗುಣಿಗೂ ಹಂತಹಂತವಾಗಿ ಪಂಪುಗಳಿಂದ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರ ಸಾಗಿಸಿ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸಿದ ಮೇಲೆ ಅದು ನಗರದ ನೆಲವನ್ನು ಮುಟ್ಟುತ್ತದೆ. ನದಿಯು ತಗ್ಗಿನಲ್ಲಿ ಹರಿಯುವುದು, ಊರು ದಿಬ್ಬದ ಮೇಲಿರುವುದು. ಸಾಮ್ರಾಜ್ಯಗಳೂ ಸರ್ಕಾರಗಳೂ ಬದಲಾದರೂ ಈ ಐನೂರು ಮೀಟರ್ ಬದಲಾಗದು. ಸಾವಿರ ಲೀಟರ್ ನೀರು ಒಂದು ಟನ್ ತೂಗುವುದರಿಂದ, ಅದನ್ನು ಅಷ್ಟು ಎತ್ತರಕ್ಕೆ ಎತ್ತಲು, ಯಂತ್ರದಲ್ಲಿಯೂ ಕೊಳವೆಯಲ್ಲಿಯೂ ಏನೊಂದೂ ನಷ್ಟವಾಗದೆಂದು ಭಾವಿಸಿದರೂ, ಭೌತಶಾಸ್ತ್ರದ ನಿಯಮದಂತೆ 1.36 ಯೂನಿಟ್ ವಿದ್ಯುತ್ತು ಬೇಕೇ ಬೇಕು. ನಷ್ಟವನ್ನು ಸೇರಿಸಿದರೆ ಅದು ಎರಡು ಯೂನಿಟ್ಟಿನ ಸಮೀಪಕ್ಕೆ ಬರುತ್ತದೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ ಏಳುನೂರು ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಇರುವುದರಿಂದ, ನಮ್ಮ ಗೃಹಸ್ಥನ ನಾಲ್ವತ್ತು ಲೀಟರನ್ನು ನದಿಯಿಂದ ಮನೆಗೆ ತಂದ ಪಾಪ ಐವತ್ತು ಅರುವತ್ತು ಗ್ರಾಂ ಆಯಿತು.

ಇಷ್ಟು ಕೇಳಿದವರು, ಅಬ್ಬ, ನಾಳೆಯಿಂದ ಒಂದೇ ಬಕೆಟ್ ಎಂದು ಸಂಕಲ್ಪ ಮಾಡುವುದು ಸಹಜ. ಸ್ವಲ್ಪ ತಾಳಬೇಕು. ಅದೇ ನಾಲ್ವತ್ತು ಲೀಟರನ್ನು ಗೀಸರಿನಲ್ಲಿ ಇಪ್ಪತ್ತು ಡಿಗ್ರಿಯಷ್ಟು ಬಿಸಿಮಾಡಲು ತಗಲುವ ವಿದ್ಯುತ್ತು ಹೆಚ್ಚುಕಡಮೆ ಒಂದು ಯೂನಿಟ್. ಅದರ ಹೊಗೆ ಸುಮಾರು ಆರುನೂರೈವತ್ತು ಗ್ರಾಂ. ನೂರು ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ ನೀರನ್ನು ಹೊತ್ತು ತರುವ ಭಗೀರಥಕಾರ್ಯಕ್ಕಿಂತ, ಬಚ್ಚಲಿನ ಗೋಡೆಗೆ ತೂಗುಬಿದ್ದಿರುವ ಆ ಬಿಳಿಯ ಡಬ್ಬಿಯ ಕೆಲಸ ಹತ್ತು ಪಾಲು ಹೆಚ್ಚು! ನೀರೆಂಬ ವಸ್ತುವಿಗೆ ಶಾಖವನ್ನು ನುಂಗುವ ಶಕ್ತಿ ಅಸಾಧಾರಣವಾದದ್ದು. ಎತ್ತುವುದಕ್ಕಿಂತ ಬಿಸಿಮಾಡುವುದು ದುಬಾರಿ. ಈ ಒಂದು ಸ್ನಾನ ವರ್ಷಕ್ಕೆ ಇನ್ನೂರ ನಾಲ್ವತ್ತು ಕಿಲೋಗ್ರಾಮಿನಷ್ಟಾಗುತ್ತದೆ. ಭಾರತೀಯನೊಬ್ಬನ ಸರಾಸರಿ ವಾರ್ಷಿಕ ಪಾಲು ಎರಡು ಟನ್ನಿನ ಆಸುಪಾಸು ಎಂಬುದನ್ನು ನೆನೆದರೆ, ಅದರ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಬಚ್ಚಲಿನಲ್ಲಿಯೇ ಮುಗಿಯಿತು. ಮಾಳಿಗೆಯ ಮೇಲೆ ಸೌರಜಲತಾಪಕವನ್ನು ಕೂರಿಸಿದ ಮನೆಯಲ್ಲಿ ಈ ಅಂಕಿಯ ಬಹುಪಾಲು ಅಳಿಸಿಹೋಗುತ್ತದೆ. ಈ ವಿಷಯದಲ್ಲಿ ಬೆಂಗಳೂರು ಭಾರತದ ಇತರ ನಗರಗಳಿಗಿಂತ ಮುಂದಿರುವುದಕ್ಕೆ ಕಾರಣ ನಾಗರಿಕರ ಪುಣ್ಯಬುದ್ಧಿಗಿಂತ ಹೆಚ್ಚಾಗಿ, ಕಟ್ಟಡದ ನಿಯಮದಲ್ಲಿ ಅದನ್ನು ಕಡ್ಡಾಯ ಮಾಡಿದ್ದು ಮತ್ತು ವಿದ್ಯುತ್ ಬಿಲ್ಲಿನಲ್ಲಿ ಅಲ್ಪಸ್ವಲ್ಪ ರಿಯಾಯಿತಿ ಕೊಟ್ಟದ್ದು. ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಮಾಳಿಗೆಯೊಂದೇ, ಬಚ್ಚಲು ನೂರಾರು. ಅಲ್ಲಿ ಸೂರ್ಯನೂ ಎಲ್ಲರಿಗೂ ಸಾಲುವುದಿಲ್ಲ.

ಮಲೆನಾಡಿನ ಹಳೆಯ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ; ಒಲೆಗೆ ಅಡಿಕೆಯ ಸಿಪ್ಪೆ, ತೆಂಗಿನ ಮಟ್ಟೆ, ತೋಟದಲ್ಲಿ ಉದುರಿದ ಸೋಗೆ. ಅವು ಹೊರಬಿಡುವ ಇಂಗಾಲವನ್ನು ಅದೇ ತೋಟ ಮರುವರ್ಷ ಹೀರಿಕೊಳ್ಳುವುದರಿಂದ ಆ ಕಿರ್ದಿಯ ಎರಡು ಮಗ್ಗುಲೂ ಸರಿಹೋಗುತ್ತಿದ್ದವು. ಹಾಗೆಂದು ಹಂಡೆಯ ಕಾಲವೇ ಸ್ವರ್ಗವೆಂದು ಹಾಡುವ ಪಂಗಡದವನು ನಾನಲ್ಲ. ಆ ಒಲೆಯ ಮುಂದೆ ಕುಳಿತು ಕಣ್ಣು ಕೆಂಪಾಗಿಸಿಕೊಂಡವರು ಯಾರೆಂಬುದು ನಮಗೆಲ್ಲರಿಗೂ ಗೊತ್ತಿದೆ.

ನೀರಿನ ಪ್ರಸ್ತಾಪವನ್ನು ಮುಗಿಸುವ ಮುನ್ನ ಇನ್ನೊಂದು ಮಾತು. ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಗುವ ಮುಂಚೆಯೇ ಬೆಂಗಳೂರಿಗೆ ದಿನಂಪ್ರತಿ 145 ಕೋಟಿ ಲೀಟರ್ ನೀರು ಬರುತ್ತಿತ್ತು. ಎತ್ತುವುದಕ್ಕೆ ಬೇಕಾದ ಕನಿಷ್ಠ ವಿದ್ಯುತ್ತೇ ದಿನಕ್ಕೆ ಇಪ್ಪತ್ತು ಲಕ್ಷ ಯೂನಿಟ್. ಆ ನೀರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೋರಿಕೆಯಿಂದಲೋ ಕಳವಿನಿಂದಲೋ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದಿತೆಂಬುದು ಗುಟ್ಟಿನ ಮಾತೇನಲ್ಲ. ಬೆಟ್ಟ ಹತ್ತಿಸಿ ತಂದ ನೀರು ರಸ್ತೆಯ ಅಡಿಯಲ್ಲಿ ಇಂಗಿಹೋದರೆ, ಅದನ್ನು ತರಲು ಸುಟ್ಟ ಕಲ್ಲಿದ್ದಲೂ ಜೊತೆಯಲ್ಲಿ ಇಂಗಿದಂತೆಯೇ. ಒಂದು ಲಕ್ಷ ಮಂದಿ ಗೃಹಸ್ಥರು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಉಳಿಸುವುದಕ್ಕಿಂತ, ಒಂದು ಹಳೆಯ ದೊಡ್ಡ ಕೊಳವೆಯ ಬಿರುಕನ್ನು ಮುಚ್ಚುವ ಎಂಜಿನಿಯರನು ಹೆಚ್ಚು ಉಳಿಸಬಲ್ಲನು. ಆದರೆ ಅವನಿಗಾಗಿ ಯಾರೂ ಸಪ್ತಾಹ ಆಚರಿಸುವುದಿಲ್ಲ.

ಒಂದು ಯೂನಿಟ್ಟಿಗೆ ಏಳುನೂರು ಗ್ರಾಂ ಎಂದೆನಲ್ಲವೆ? ಈ ಅಂಕಿಯ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ನಾಡಿನಲ್ಲಿ ಅದು ಬಹಳ ಸ್ವಾರಸ್ಯವಾದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಯೋಜಿತವಾಗಿ, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರನ ಮೇಲ್ವಿಚಾರಣೆಯಲ್ಲಿ ಕಟ್ಟಲ್ಪಟ್ಟ ಶಿವನಸಮುದ್ರದ ಜಲವಿದ್ಯುದಾಗಾರವು 1902ರಲ್ಲಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಜೋಗದ ವಿದ್ಯುದಾಗಾರ 1948ರಲ್ಲಿ, ಶರಾವತಿ ಯೋಜನೆ 1960ರ ದಶಕದ ನಡುವೆ ಬಂದುವು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಸ್ಥಾವರದ ಮೊದಲನೆಯ ಘಟಕ ಕೆಲಸಮಾಡಲು ತೊಡಗುವ ತನಕ, ಕರ್ನಾಟಕವು ಉತ್ಪಾದಿಸಿದ ವಿದ್ಯುತ್ತೆಲ್ಲ ಹೆಚ್ಚುಕಡಮೆ ನೀರಿನಿಂದಲೇ ಬಂದದ್ದು. ನಮ್ಮ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿಗೆ ಅದು ಸಿಂಗರೇಣಿಯಿಂದಲೂ ಒಡಿಶಾದ ಮಹಾನದಿ ಕಣಿವೆಯಿಂದಲೂ ರೈಲಿನಲ್ಲಿ ಬರಬೇಕು. ಹೀಗಿರುವಲ್ಲಿ, 1975ರಲ್ಲಿ ಮೈಸೂರಿನ ಒಂದು ಮನೆಯ ನಡುಮನೆಯಲ್ಲಿ ಉರಿಯುತ್ತಿದ್ದ ಅರುವತ್ತು ವಾಟಿನ ಬಲ್ಬಿನ ಹೊಗೆ ಶೂನ್ಯಕ್ಕೆ ಸಮೀಪ. ಅದೇ ಮನೆಯಲ್ಲಿ, ಅದೇ ಮನುಷ್ಯನು, ಅದೇ ಹೊತ್ತಿಗೆ ಹತ್ತಿಸಿ ಅದೇ ಹೊತ್ತಿಗೆ ಆರಿಸುತ್ತಿದ್ದ ಅಂತಹುದೇ ಬಲ್ಬಿಗೆ 1995ರಲ್ಲಿ ಕಲ್ಲಿದ್ದಲಿನ ಮಸಿ ಅಂಟಿತ್ತು. ಆತನ ಅಭ್ಯಾಸವಾಗಲಿ ಶೀಲವಾಗಲಿ ಕಿಂಚಿತ್ತೂ ಕೆಟ್ಟಿರಲಿಲ್ಲ. ಕೆಟ್ಟದ್ದು ತಂತಿಯ ಇನ್ನೊಂದು ತುದಿ.

ಆ ತುದಿ ಇಂದು ಎಲ್ಲಿದೆಯೆಂದು ಹೇಳುವುದು ಕಷ್ಟ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಕೂಡಿದ ಮೇಲೆ, ನನ್ನ ಮನೆಗೆ ಬರುವುದು ಜೋಗದ ವಿದ್ಯುತ್ತು, ನಿನ್ನ ಮನೆಗೆ ಬರುವುದು ಸಿಂಗ್ರೌಲಿಯ ಕಲ್ಲಿದ್ದಲಿನದು ಎಂದು ಮಡಿ ಮೈಲಿಗೆ ಮಾಡಲು ಬರುವುದಿಲ್ಲ. ಸರಾಸರಿಯನ್ನೇ ಎಲ್ಲರೂ ಹಂಚಿಕೊಳ್ಳತಕ್ಕದ್ದು. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೂ, ಪಾವಗಡ ತಾಲ್ಲೂಕಿನಲ್ಲಿ ಹದಿಮೂರು ಸಾವಿರ ಎಕರೆಯಷ್ಟು ಹರಡಿಕೊಂಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವೂ ಆ ಸರಾಸರಿಯನ್ನು ಇಳಿಸುತ್ತಿವೆ. ಪಾವಗಡದಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ವರ್ಷಕ್ಕೆ ಎಕರೆಗೆ ಇಪ್ಪತ್ತೊಂದು ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಹಿಡಿದು ಆರಂಭಿಸಿದ್ದು ಮೆಚ್ಚತಕ್ಕ ಪದ್ಧತಿ. ಆದರೆ ಗುತ್ತಿಗೆಯ ಹಣ ಜಮೀನಿದ್ದವನಿಗೆ ಬಂದಿತೇ ಹೊರತು, ಆ ಜಮೀನಿನಲ್ಲಿ ಕೂಲಿಗೆ ಹೋಗುತ್ತಿದ್ದವನಿಗೂ ಕುರಿ ಮೇಯಿಸುತ್ತಿದ್ದವನಿಗೂ ಬರಲಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಮುಳುಗಿ ಕಾಡಿನ ನಡುವೆ ಹೊಸ ಬದುಕು ಕಟ್ಟಿಕೊಂಡವರ ಕುಟುಂಬಗಳು ತಮ್ಮ ಭೂಮಿಯ ಹಕ್ಕುಪತ್ರಕ್ಕಾಗಿ ಎರಡು ತಲೆಮಾರು ಅಲೆದದ್ದು ಶಿವಮೊಗ್ಗ ಜಿಲ್ಲೆಯವರಿಗೆ ಹೊಸ ಸುದ್ದಿಯಲ್ಲ. ಇಂಗಾಲದ ಕಿರ್ದಿಯಲ್ಲಿ ಇಂಥ ಖರ್ಚನ್ನು ಬರೆಯಲು ಅಂಕಣವಿಲ್ಲ. ಅಂಕಣವಿಲ್ಲದ ಮಾತ್ರಕ್ಕೆ ಖರ್ಚಾಗಲಿಲ್ಲವೆಂದು ಹೇಳುವವನು ಲೆಕ್ಕಿಗನೇ ಅಲ್ಲ.

ವಸತಿಯ ಮಾತಿಗೆ ಬರೋಣ. ಎಲ್ಲರ ಬಾಯಲ್ಲೂ ಬಲ್ಬು, ಫ್ಯಾನು, ಫ್ರಿಜ್ಜುಗಳ ಚರ್ಚೆಯೇ ಹೊರತು ಅವುಗಳನ್ನು ತೂಗುಹಾಕಿದ ಗೋಡೆಯ ಮತ್ತು ತಾರಸಿಯ ಚರ್ಚೆ ಇಲ್ಲ. ಸುಣ್ಣದ ಕಲ್ಲನ್ನು ಸುಟ್ಟರೆ ಸುಣ್ಣವಾಗುವುದೆಂಬುದನ್ನು ನಮ್ಮ ಹಳ್ಳಿಯ ಸುಣ್ಣದ ಗೂಡಿನವರು ರಸಾಯನಶಾಸ್ತ್ರ ಹುಟ್ಟುವ ಮುಂಚೆಯೇ ಬಲ್ಲವರಾಗಿದ್ದರು. ನೂರು ಭಾಗ ಕಲ್ಲಿನಲ್ಲಿ ಉಳಿಯುವ ಸುಣ್ಣ ಐವತ್ತಾರು ಭಾಗ, ಮಿಕ್ಕ ನಾಲ್ವತ್ತನಾಲ್ಕು ಭಾಗ ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಸಿಮೆಂಟಿನ ಮೂಲದ್ರವ್ಯವೂ ಇದೇ ಕಲ್ಲು. ಆದುದರಿಂದ ವಾಡಿಯಲ್ಲಿಯಾಗಲಿ ಬಾಗಲಕೋಟೆಯಲ್ಲಿಯಾಗಲಿ ಸಿಮೆಂಟಿನ ಗೂಡಿನಿಂದ ಹೊರಡುವ ಅನಿಲದಲ್ಲಿ ಸುಡುವ ಇಂಧನದ ಪಾಲಿಗಿಂತ ಕಲ್ಲಿನ ಹೊಟ್ಟೆಯಿಂದಲೇ ಹೊರಡುವ ಪಾಲು ಹೆಚ್ಚು; ಇಂಧನವನ್ನು ಬದಲಾಯಿಸಿದರೂ ಅದು ನಿಲ್ಲದು. ರಾಯಚೂರಿನಂಥ ಸ್ಥಾವರಗಳ ಹಾರುಬೂದಿಯನ್ನು ಬೆರೆಸಿ ತಯಾರಿಸುವ ಸಿಮೆಂಟಿನಲ್ಲಿ ಸುಟ್ಟ ಕಲ್ಲಿನ ಅಂಶ ಕಡಮೆಯಾಗುವುದರಿಂದ ದೋಷವೂ ತಕ್ಕಮಟ್ಟಿಗೆ ಕಡಮೆ. ಅಂಥ ಬೆರಕೆಯ ಸಿಮೆಂಟಿನ ಐವತ್ತು ಕಿಲೋಗ್ರಾಮಿನ ಮೂಟೆಯ ಹಿಂದೆಯೂ ಸುಮಾರು ಮೂವತ್ತು ಕಿಲೋಗ್ರಾಂ ಹೊಗೆಯಿದೆ.

ನಮ್ಮ ಮೇಸ್ತ್ರಿಗಳು ಸಾವಿರ ಚದರಡಿಯ ಆರ್.ಸಿ.ಸಿ. ಮನೆಗೆ ಬಾಯಿಲೆಕ್ಕದಲ್ಲಿ ಹೇಳುವುದು ನಾನೂರು ಮೂಟೆ ಸಿಮೆಂಟು, ನಾಲ್ಕು ಟನ್ ಕಬ್ಬಿಣ. ಸಿಮೆಂಟಿನದೇ ಹನ್ನೆರಡು ಟನ್. ಕಬ್ಬಿಣಕ್ಕೆ ಟನ್ನಿಗೆ ಎರಡಕ್ಕಿಂತ ಕಡಮೆಯಿಲ್ಲವಾಗಿ, ಒಟ್ಟು ಇಪ್ಪತ್ತು ಟನ್ನು ಮುಟ್ಟುತ್ತದೆ. ಸುಟ್ಟ ಇಟ್ಟಿಗೆಯನ್ನು ಇನ್ನೂ ಸೇರಿಸಿಲ್ಲ. ಎಂದರೆ, ಗೃಹಪ್ರವೇಶದ ದಿನ ಹಾಲುಕ್ಕಿಸುವ ಹೊತ್ತಿಗೆ, ಯಜಮಾನನು ಹತ್ತು ವರ್ಷ ಸಾಧಾರಣವಾಗಿ ಬದುಕಿ ಬಿಡಬಹುದಾಗಿದ್ದಷ್ಟು ಹೊಗೆಯನ್ನು ಒಂದೇ ಸಲಕ್ಕೆ ಬಿಟ್ಟು ಮುಗಿಸಿರುತ್ತಾನೆ. ಆಮೇಲೆ ಒಂಬತ್ತು ವಾಟಿನ ಎಲ್‌ಇಡಿ ದೀಪವನ್ನು ಹಾಕಿಸಿ ಪರಿಸರಪ್ರೇಮಿಯಾಗುತ್ತಾನೆ. ಮನೆ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಬೇಕಾದ ಕೋಣೆಯನ್ನು ಕಟ್ಟಲಿ. ಬೇಡದ ಕೋಣೆಯನ್ನೂ, ಚೆನ್ನಾಗಿರುವ ಹಳೆಯ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ಇನ್ನೊಂದನ್ನು ಎಬ್ಬಿಸುವ ಚಪಲವನ್ನೂ ಬಿಟ್ಟರೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಜಗದೀಶ್ ಅವರೂ ಅವರ ಸಂಗಡಿಗರೂ, ಮಣ್ಣಿಗೆ ಅಲ್ಪಾಂಶ ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗೋಡೆಗೆ ಯೋಗ್ಯವಾದ ಇಟ್ಟಿಗೆಯನ್ನು ಮಾಡುವ ವಿಧಾನವನ್ನು ದಶಕಗಳ ಹಿಂದೆಯೇ ಸಾಧಿಸಿ, ಅದರಿಂದ ಕಟ್ಟಿದ ಮನೆಗಳನ್ನು ತೋರಿಸಿಕೊಟ್ಟರು. ಮಣ್ಣಿನ ಮನೆಯೆಂದರೆ ಬಡತನವೆಂಬ ಭಾವನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ, ಅಡ್ಡಿಯಾಗಿರುವುದು ಅದೊಂದೇ.

ಅಡುಗೆಮನೆಯ ವಿಷಯದಲ್ಲಿ ನನ್ನ ತೀರ್ಪು ಸರಳವಾದದ್ದು. 14.2 ಕಿಲೋಗ್ರಾಮಿನ ಸಿಲಿಂಡರ್ ಒಂದನ್ನು ಉರಿಸಿದರೆ ಸುಮಾರು 42 ಕಿಲೋಗ್ರಾಂ ಹೊಗೆ. ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ ಎಂಟು ಸಿಲಿಂಡರ್ ಬೇಕೆಂದರೂ ತಲೆಗೆ ಎಂಬತ್ತೈದು ಕಿಲೋಗ್ರಾಂ ಮಾತ್ರ. ಸೌದೆಯ ಒಲೆ ಅದಕ್ಕಿಂತ ಶುದ್ಧವೆಂದು ವಾದಿಸುವವರುಂಟು. ಕಡಿದ ಮರದ ಜಾಗದಲ್ಲಿ ಮರ ಬೆಳೆದರೆ ಮಾತ್ರ ಆ ವಾದ ನಿಲ್ಲುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕುಲುಮೆಯನ್ನು ಹೊತ್ತಿಸಿತು; ಕುಲುಮೆಯ ಹಸಿವಿನ ವೇಗಕ್ಕೆ ಕಾಡು ಬೆಳೆಯುವ ವೇಗ ಸರಿಗಟ್ಟದು. ಅದಂತಿರಲಿ, ಹೊಗೆಯೊಲೆಯ ಮುಂದೆ ಕೆಮ್ಮುವ ಹೆಂಗಸಿಗೆ, ತಾಯಿ, ನೀನು ಸಿಲಿಂಡರನ್ನು ಬಿಟ್ಟು ಪೃಥ್ವಿಯನ್ನು ಉಳಿಸು ಎಂದು ವಿಮಾನದಲ್ಲಿ ಬಂದಿಳಿದು ಉಪದೇಶಿಸುವುದು ನೀತಿಯಲ್ಲ.

ಹಳ್ಳಿಯ ಅಡುಗೆಯ ಪ್ರಶ್ನೆಯನ್ನು ಉಪದೇಶವಿಲ್ಲದೆ ಎದುರಿಸಿದವರು ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು. 1974ರಲ್ಲಿ ವಿಜ್ಞಾನ ಸಂಸ್ಥೆಯೊಳಗೇ ಆಸ್ತ್ರ ಎಂಬ ಕೇಂದ್ರವನ್ನು ಆರಂಭಿಸಿ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಯಾರು ಎಷ್ಟು ಸೌದೆ ಹೊರುತ್ತಾರೆ, ಎಷ್ಟು ನೀರು ತರುತ್ತಾರೆ ಎಂಬುದನ್ನೆಲ್ಲ ಅವರ ತಂಡ ಅಳೆಯಿತು. ಆ ಕೇಂದ್ರದಿಂದ ಬಂದ ಆಸ್ತ್ರ ಒಲೆ ಸೌದೆಯ ಖರ್ಚನ್ನು ಇಳಿಸಿ, ಹೊಗೆಯನ್ನು ಕೊಳವೆಯಲ್ಲಿ ಹೊರಕ್ಕೆ ಅಟ್ಟಿತು. ಪುರದಲ್ಲಿ ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿ ಗೋಬರ್ ಗ್ಯಾಸಿನಿಂದ ಅಡುಗೆ ಮಾಡಿಸಬೇಕೆಂಬುದು ಮೊದಲ ಯೋಜನೆ. ಎಲ್ಲರ ಅಡುಗೆಗೂ ಸಗಣಿ ಸಾಲದೆಂದು ಕಂಡುಬಂದಾಗ, ಅದೇ ಅನಿಲದಿಂದ ಎಂಜಿನ್ ಓಡಿಸಿ, 1987ರಿಂದ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಿದರು. ಸಾಲದೆಂದು ಗೊತ್ತಾದಾಗ ಅಂಕಿಯನ್ನು ತಿದ್ದದೆ ಯೋಜನೆಯನ್ನು ತಿದ್ದಿದರಲ್ಲ, ಆ ಪ್ರಾಮಾಣಿಕತೆ ಈ ವಿಷಯದಲ್ಲಿ ಬರೆಯುವವರಿಗೆಲ್ಲ ಬೇಕಾದ ಗುಣ.

ಊಟದ ಬಗೆಗೆ ಒಂದೇ ಮಾತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಕೊಳೆಯುವ ಸೊಪ್ಪುಸದೆಯಿಂದ ಮೀಥೇನ್ ಹುಟ್ಟುತ್ತದೆ. ಅದರ ಒಂದು ಕಿಲೋಗ್ರಾಂ ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು ಇಪ್ಪತ್ತೆಂಟು ಕಿಲೋಗ್ರಾಮಿಗೆ ಸಮಾನ. ಗದ್ದೆಯನ್ನು ನಡುನಡುವೆ ಆರಗೊಟ್ಟು ನೀರು ಹಾಯಿಸಿದರೂ, ರಾಯಚೂರು ಕೊಪ್ಪಳಗಳಲ್ಲಿ ರೂಢಿಗೆ ಬರುತ್ತಿರುವಂತೆ ನಾಟಿಯಿಲ್ಲದೆ ಕೂರಿಗೆಯಲ್ಲಿ ಭತ್ತ ಬಿತ್ತಿದರೂ ಅದು ಗಣನೀಯವಾಗಿ ಇಳಿಯುತ್ತದೆ. ರಾಗಿಗೆ ನಿಂತ ನೀರೇ ಬೇಡ.

ಪ್ರಯಾಣದ ಲೆಕ್ಕವಂತೂ ಕೈಬೆರಳಿನಲ್ಲಿ ಎಣಿಸುವಷ್ಟು ಸುಲಭ. ಲೀಟರಿಗೆ ಐದು ಕಿಲೋಮೀಟರ್ ಓಡುವ ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ ಐವತ್ತು ಜನ ಕುಳಿತರೆ ತಲೆಗೆ ಕಿಲೋಮೀಟರಿಗೆ ಹನ್ನೊಂದು ಗ್ರಾಂ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬನೇ ಹೋದರೆ ನೂರೈವತ್ತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬರುವ ವಿಮಾನಯಾನದಲ್ಲಿ ಒಬ್ಬೊಬ್ಬರ ಪಾಲು ಎರಡು ಟನ್ನಿಗೆ ಕಡಮೆಯಾಗದು. ಸಾಮಾನ್ಯ ಭಾರತೀಯನ ಒಂದು ವರ್ಷದ ಬಾಳು ಅದರಲ್ಲಿಯೇ ತೀರಿತು. ಮಗಳ ಬಾಣಂತನಕ್ಕೆಂದು ಹೊರಟ ತಾಯಿಗೆ ಈ ಅಂಕಿಯನ್ನು ಹೇಳಿ ತಡೆಯುವ ಕಠೋರತೆ ನನಗಿಲ್ಲ. ಅರ್ಧ ದಿನದ ವಿಚಾರಸಂಕಿರಣಕ್ಕೆ ದೆಹಲಿಗೆ ಹಾರಿ, ಹವಾಮಾನದ ಮೇಲೆ ಪ್ರಬಂಧವನ್ನೋದಿ, ಸಂಜೆಗೆ ಹಿಂದಿರುಗುವ ವಿದ್ವಾಂಸನಿಗೆ ಮಾತ್ರ ಹೇಳಲು ಸಂಕೋಚವಿಲ್ಲ.

ಇಂಥವರಲ್ಲಿ ಕೆಲವರು ಪ್ರಾಯಶ್ಚಿತ್ತವಾಗಿ ಗಿಡ ನೆಡಿಸುತ್ತಾರೆ. ಗಿಡ ನೆಡುವುದು ಒಳ್ಳೆಯದೇ. ಆದರೆ ಬಿಟ್ಟ ಹೊಗೆ ಇಂದಿನದು, ಮರವು ಅದನ್ನು ಹೀರುವುದು ಮುಂದಿನ ಮೂವತ್ತು ನಾಲ್ವತ್ತು ವರ್ಷಗಳಲ್ಲಿ, ಅದೂ ನಡುವೆ ಆಡು, ಬೆಂಕಿ, ರಸ್ತೆ ಅಗಲೀಕರಣಗಳನ್ನು ಗೆದ್ದು ಬದುಕಿದರೆ. ಮರದ ತೂಕವೊಂದನ್ನೇ ನೋಡಿ ಹೊರಟರೆ ಏನಾಗುವುದೆಂಬುದನ್ನು 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಸೀಮೆಯ ರಾಗಿಯ ಹೊಲಗಳಲ್ಲಿ ಹಬ್ಬಿದ ನೀಲಗಿರಿ ತೋರಿಸಿಕೊಟ್ಟಿದೆ: ಬೇಗ ಬೆಳೆದು ಹಣ ತರುವುದೆಂದು ನೆಟ್ಟ ಆ ಮರವು ಅಂತರ್ಜಲವನ್ನು ಕುಡಿಯಿತೆಂದು ರೈತರು ದೂರಿದರು, ಕೆಲವೆಡೆ ಸಸಿಗಳನ್ನು ಕಿತ್ತೂ ಹಾಕಿದರು.

ಜಗತ್ತಿನ ಸರಾಸರಿ ಮನುಷ್ಯನ ವಾರ್ಷಿಕ ಪಾಲು ಐದು ಟನ್ನಿಗೆ ಸ್ವಲ್ಪ ಕಡಮೆ, ಅಮೆರಿಕದವನದು ಹದಿನಾಲ್ಕರ ಆಸುಪಾಸು, ನಮ್ಮದು ಎರಡು. ಈ ಎರಡೆಂಬ ಅಂಕಿಯನ್ನು ಮುಂದೊಡ್ಡಿ ನಾವು ನಿರಪರಾಧಿಗಳೆಂದು ಸಭೆಗಳಲ್ಲಿ ಹೇಳುವುದು ಸುಲಭ, ದೇಶದ ಮಟ್ಟಿಗೆ ನ್ಯಾಯವೂ ಹೌದು. ಆದರೆ ಅದು ಸರಾಸರಿ. ಕಲ್ಯಾಣ ಕರ್ನಾಟಕದ ಕೃಷಿಕೂಲಿಯ ಅರ್ಧ ಟನ್ನಿನ ಮರೆಯಲ್ಲಿ, ಎರಡು ಕಾರು, ಮೂರು ಏರ್ ಕಂಡಿಷನರ್, ವರ್ಷಕ್ಕೊಂದು ವಿದೇಶಯಾತ್ರೆಯ ಕುಟುಂಬವೂ ಭಾರತವೆಂಬ ಹೆಸರಿನ ನೆರಳಿನಲ್ಲಿ ನಿಂತು ತಂಪಾಗಿರುತ್ತದೆ. ಈ ಸಭಾಂಗಣದಲ್ಲಿ ಕುಳಿತಿರುವ ನಮ್ಮಲ್ಲಿ ಬಹುಮಂದಿ ಸರಾಸರಿಗಿಂತ ಮೇಲಿನವರೇ. ದೊಡ್ಡ ಬಾಬತ್ತುಗಳು ಯಾವುವೆಂಬುದು ಈಗ ನಿಮಗೆ ಗೊತ್ತಿದೆ. ಅವುಗಳಲ್ಲಿ ಅರ್ಧದಷ್ಟು ನಿಮ್ಮ ಕೈಯಲ್ಲಿವೆ, ಉಳಿದರ್ಧ ನಗರಸಭೆ, ವಿದ್ಯುತ್ ಕಂಪನಿ, ಸರ್ಕಾರಗಳ ಕೈಯಲ್ಲಿವೆ.

ಕಡೆಯದಾಗಿ, ಆ ಎರಡನೆಯ ಕೈಗೆ ಒಂದು ಬಿನ್ನಹ. ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಎಷ್ಟು ಇಂಗಾಲದ ಡೈಆಕ್ಸೈಡ್ ಇದೆಯೆಂಬುದನ್ನು ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ವರ್ಷವರ್ಷವೂ ಲೆಕ್ಕ ಹಾಕಿ ಪ್ರಕಟಿಸುತ್ತಿದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಲಕ್ಷಾಂತರ ಮನೆಗಳ ಬಿಲ್ಲಿನಲ್ಲಿ ಹಣದ ಅಂಕಣದಲ್ಲಿ ಸೊನ್ನೆ ಅಚ್ಚಾಗಿ ಬರುತ್ತಿದೆ. ಬಡವರ ಮನೆಗೆ ಬೆಳಕು ಕೊಟ್ಟ ಆ ಯೋಜನೆಯ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಸೊನ್ನೆ ಬಂದ ಬಿಲ್ಲಿನಲ್ಲಿಯೂ ಸುಟ್ಟ ಯೂನಿಟ್ಟುಗಳ ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಯನ್ನು ಪ್ರಾಧಿಕಾರದ ಅಂಕಿಯಿಂದ ಗುಣಿಸಿ, ಈ ತಿಂಗಳು ನಿಮ್ಮ ಮನೆಯ ಹೊಗೆ ಇಷ್ಟು ಕಿಲೋಗ್ರಾಂ ಎಂದು ಕನ್ನಡದಲ್ಲಿ ಒಂದು ಸಾಲನ್ನು ಬಿಲ್ಲಿನ ಕೆಳಗೆ ಅಚ್ಚುಹಾಕಿಸಬೇಕೆಂದು ವಿದ್ಯುತ್ ಸರಬರಾಜು ಕಂಪನಿಗಳ ಅಧಿಕಾರಿಗಳಲ್ಲಿ ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ. ಮೀಟರ್ ಓದಲು ಬರುವವರ ಕೈಯಲ್ಲಿರುವ ಪುಟ್ಟ ಯಂತ್ರಕ್ಕೆ ಈ ಗುಣಾಕಾರ ಕಷ್ಟದ್ದಲ್ಲ. ಇದಕ್ಕೆ ಹೊಸ ಕಾನೂನಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ.